ಎರಡು ಬೆರಳಿನ ಸಂದು

ನಾಲ್ಕು ಕಬ್ಬಿಣದ ಕಾಲುಗಳ ಮೇಲೆ ಜೀಪು ನಿಂತಿತ್ತು, ಚಕ್ರಗಳಿಲ್ಲದೆ. ಗ್ಯಾರೇಜಿನೊಳಗೆ ಹರಿದು ಬಂದ ಬೆಳಗಿನ ಬಿಸಿಲು ಅದರ ಹೊಸ ಬಂಪರಿನವರೆಗೆ ಬಂದು, ಮುಂದೆ ಹೋಗಲು ಅಪ್ಪಣೆಯಿಲ್ಲದಂತೆ ತಡೆದು ನಿಂತಿತ್ತು. ಗೋಡೆಗೆ ಒರಗಿದ ದಪ್ಪ ಟೈರುಗಳ ಗೀರುಗಳಲ್ಲಿ ಇನ್ನೂ ಯಾವ ಊರಿನ ಮಣ್ಣೂ ಕೂತಿರಲಿಲ್ಲ. ನೆಲದ ಮೇಲೆ ಅಂಗಾತ ಬಿದ್ದ ಉಕ್ಕಿನ ತಗಡು. ಅದರ ಮಗ್ಗುಲಲ್ಲಿ, ಬಸಿಯಲ್ಲಿ ಆರುತ್ತಿದ್ದ ಚಹಾ.

ಚಹಾ ಮಕಬೂಲಸಾಬರದು. ಎಂಜಿನ್ನಿನ ಹೊಟ್ಟೆಗೆ ಕವಚವಾಗಬೇಕಾದ ಆ ತಗಡೂ ಅವರದೇ ಕೈಕೆಲಸ. ಬಾಳೆಲ್ಲ ಅವರು ಬಂಡಿಯ ಗಾಲಿಗಳಿಗೆ ಕಬ್ಬಿಣದ ಹಳಿ ಏರಿಸಿದವರು. ಹಳಿಯನ್ನು ಕೆಂಪಗೆ ಕಾಸಿ, ಕಟ್ಟಿಗೆಯ ಗಾಲಿಗೆ ತೊಡಿಸಿ, ನೀರು ಸುರಿದರೆ ಕಬ್ಬಿಣ ಕುಗ್ಗಿ ಕಟ್ಟಿಗೆಯನ್ನು ಅಪ್ಪಿಕೊಳ್ಳುತ್ತಿತ್ತು. ಬಂಡಿಗಳು ವಿರಳವಾದವು. ಮಗ ಬಿಲಾಲನ ಗ್ಯಾರೇಜಿನ ಮೂಲೆಯಲ್ಲಿ ಕುಲುಮೆ ಮಾತ್ರ ಉಳಿದಿತ್ತು.

"ಇದೊಂದು ಮಾಡು ಅಬ್ಬಾ," ಎಂದಿದ್ದ ಬಿಲಾಲ. "ಡಾಕ್ಟರ್‌ಬಾಯಾರು ಒಪ್ಪಿದ್ರ ಇನ್ಮ್ಯಾಲೆ ಎಲ್ಲಾ ಪ್ಲೇಟೂ ನಿಂದ. ಇಲ್ಲಂದ್ರ ಕುಲುಮಿ ಕಿತ್ತು ಅಲ್ಲಿ ಟೈರ್ ಮಷೀನ್ ಕೂಡಸ್ತೇನಿ. ಆಮ್ಯಾಲೆ ಮುಖಾ ಸಣ್ಣದು ಮಾಡಬ್ಯಾಡ."

ಡಾಕ್ಟರ್‌ಬಾಯಿಯೆಂದರೆ ದುರ್ಗಾ, ಶಿರಗುಪ್ಪಿ ಕಡೆಯ ಹಳ್ಳಿಗಳಿಗೆ ತಿರುಗುವ ದನದ ವೈದ್ಯೆ. ಹೋದ ಮಳೆಗಾಲ, ಎರೆಮಣ್ಣಿನಲ್ಲಿ ಹುದುಗಿದ್ದ ಗಡಿಗಲ್ಲೊಂದು ಅವಳ ಜೀಪಿನ ಆಯಿಲ್ ಚೇಂಬರ್ ಸೀಳಿತ್ತು. ಈಯಲಾರದೆ ಒದ್ದಾಡುತ್ತಿದ್ದ ಆಕಳಿದ್ದ ಹೊಲವನ್ನು ಅವಳು ನಡೆದು ಮುಟ್ಟುವಷ್ಟರಲ್ಲಿ ತಾಯಿ ಉಳಿದಿತ್ತು, ಕರು ಉಳಿದಿರಲಿಲ್ಲ.

ತಗಡು ಮೇಲೇರಿತು, ಬೋಲ್ಟುಗಳು ಬಿಗಿದವು, ಚಕ್ರಗಳು ಕೂತವು. ಕಬ್ಬಿಣಕ್ಕೂ ಎಂಜಿನ್ನಿಗೂ ನಡುವೆ ಕೂದಲು ತೂರದಷ್ಟು ಬಿಗಿ. ಮಕಬೂಲಸಾಬರು ಹೆಮ್ಮೆಯಿಂದ ಕೈ ಒರೆಸಿಕೊಂಡರು. ಜೀಪು ಒಯ್ಯಲು ಬಂದಿದ್ದ ದುರ್ಗಾ ಕೀಲಿ ತಿರುವಿದಳು. ಜೀಪಿಗೆ ಚಳಿಜ್ವರ ಬಂತು. ಸೀಟು, ಕನ್ನಡಿ, ಬಾಗಿಲು, ಎಲ್ಲವೂ ಗರಗರನೆ ನಡುಗಿದವು.

"ಕಾಕಾ, ಜೀಪಿನಾಗ ಹಿಟ್ಟಿನ ಗಿರಣಿ ಕೂಡಿಸೀರೇನ್ರಿ?"

ಬಿಲಾಲ ಅಳತೆಯ ಟೇಪು ಹಿಡಿದು ಕುಲುಮೆಯ ಮೂಲೆಗೆ ನಡೆದ.

ಮಗ ಅಲ್ಲಿ ಯಾವ ಮಷೀನಿಗೆ ಜಾಗ ಅಳೆಯುತ್ತಾನೆಂದು ಮಕಬೂಲಸಾಬರಿಗೆ ಗೊತ್ತಿತ್ತು. ಆದರೂ ಆ ಗರಗರ ಅವರ ಕಿವಿಯನ್ನು ಎಳೆಯುತ್ತಿತ್ತು. "ಬಂದ್ ಮಾಡಬ್ಯಾಡ್ರಿ ಬಾಯಾರ!" ಎನ್ನುತ್ತ, ಬ್ಯಾಟರಿ ದೀಪ ಹಿಡಿದು ಜೀಪಿನಡಿ ನುಸುಳಿದರು. ತಗಡಿಗೆ ಅಂಗೈ ಹಚ್ಚಿದರು. ಬೆಳಕನ್ನು ಪಕ್ಕದಿಂದ ಹಾಯಿಸಿದರು. ರಬ್ಬರಿನ ದಿಂಬುಗಳ ಮೇಲೆ ಕೂತ ಎಂಜಿನ್ನು, ಮಲಗಿದ ಎಮ್ಮೆಯ ಪಕ್ಕೆಯಂತೆ, ಕಂಡೂ ಕಾಣದಂತೆ ಅಲುಗುತ್ತಿತ್ತು.

"ಅಲೆಲೆ! ಇದು ಉಸರಾಡತೈತಿ! ನಾ ಗಾಲಿ ಅಂತ ತಿಳದು ಉಸರ ಕಟ್ಟಿಸೀನಿ."

ದುರ್ಗಾ ಬಗ್ಗಿ ನೋಡಿ ನಕ್ಕಳು. "ಆಕಳ ಹೊಟ್ಟಿಗೆ ಪಟ್ಟಿ ಕಟ್ಟೂವಾಗ ನಾವೂ ಎರಡು ಬೆರಳ ಜಾಗಾ ಬಿಡ್ತೇವ್ರಿ ಕಾಕಾ."

ಕೆಳಗಿನಿಂದ, ಗ್ರೀಸು ಮೆತ್ತಿದ ಎರಡು ಬೆರಳು ಹೊರಬಂದವು. "ಇಷ್ಟ?"

"ಅಷ್ಟ."

ತಗಡು ಮತ್ತೆ ಇಳಿಯಿತು, ಕುಲುಮೆ ಸೇರಿತು. ಒಬ್ಬರಿಂದ ಎತ್ತಲಾಗದು, ಬಿಲಾಲ ಗೊಣಗುತ್ತಲೇ ಇನ್ನೊಂದು ತುದಿ ಹಿಡಿದ. "ಮುದುಕಾದ್ರೂ ಹಟಾ ಹೋಗಲಿಲ್ಲ ನಿಂದು."

"ಹಿಡಿಯೋ ಸುಮ್ಮನ. ಎರಿ ಮಣ್ಣು ಒಳಗ ಹೊಕ್ಕರ ಹೊರಗ ಬರಾಕ ದಾರಿ ಬ್ಯಾಡೇನು?" ಎಂದು ಮುದುಕರು ತಗಡಿನಲ್ಲಿ ಉದ್ದನೆಯ ಕಿಂಡಿಗಳನ್ನೂ ಕೊರೆದರು.

ಮಧ್ಯಾಹ್ನ, ಎರಡು ಬೆರಳಿನ ಸಂದು ಬಿಟ್ಟು ತಗಡು ಮತ್ತೆ ಏರಿದ ಮೇಲೆ, ಹಿತ್ತಲಿನ ಹಳೆಯ ಒರಳುಕಲ್ಲಿನ ಮೇಲೆ ಜೀಪು ಹಾಯಿತು. ಠಣ್! ಮೂವರೂ ಒಟ್ಟಿಗೆ ಬಗ್ಗಿದರು. ತಗಡಿನ ಮೇಲೆ ಬೆಳ್ಳಿಯಂಥ ಒಂದು ಗೀರು. ಎಣ್ಣೆಯ ಒಂದು ಹನಿಯೂ ಇಲ್ಲ. ಎಂಜಿನ್ನು ತನ್ನಷ್ಟಕ್ಕೆ ಮೆಲ್ಲಗೆ ಗುನುಗುತ್ತಿತ್ತು.

"ಇದ ಇರ್ಲಿ ಬಿಲಾಲಣ್ಣ," ಎಂದಳು ದುರ್ಗಾ.

ಬಿಲಾಲ ಟೇಪನ್ನು ಕಿಸೆಗೆ ಇಳಿಸಿದ. "ಟೈರ್ ಮಷೀನು ಹೊರಗ ತಗಡಿನ ಚಪ್ಪರದಾಗ ಕೂಡಸೂಣಂತ."

ಮಕಬೂಲಸಾಬರ ಕಣ್ಣು ಒಂದು ಕ್ಷಣ ಕುಲುಮೆಯ ಕಡೆ ಹೋಗಿ ಬಂತು. ಆದರೆ ಬೆರಳು ಇನ್ನೂ ಕಿಂಡಿಯೊಳಗೇ ಇತ್ತು. "ಬಾಯಾರ, ಮಣ್ಣು ಖರೇನ ಹೊರಗ ಬೀಳತೈತೇನು?"

"ಶಿರಗುಪ್ಪಿ ಹಾದ್ಯಾಗ ನಿನ್ನೆ ಮಳಿ ಆಗೈತಿ. ಬರ್ರಿ, ನೋಡೂಣು."

"ಅಬ್ಬಾ, ಊಟಾ?"

"ಕುಲುಮಿ ಆರಿಸಬ್ಯಾಡಲೇ," ಎನ್ನುತ್ತ ಅವರು ಜೀಪು ಹತ್ತಿದರು. ಅವರ ಹಿಂದೆ ಬಾಗಿಲು ಧಡ್ಡನೆ ಮುಚ್ಚಿಕೊಂಡಿತು.