ಆಡು ಸಾಕುವವರ ಕೈಪಿಡಿ

ಮಲ್ಲವ್ವ ಬಾಂದ್ರಾದ ಮೂರು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಒಂದು ಮಳೆಗಾಲದ ಬೆಳಿಗ್ಗೆ, ಧಾರಾವಿಯ ತನ್ನ ಖೋಲಿಯ ಮೇಲಿನ ಕೋಣೆಯವರಿಗೆ ಹಿಟ್ಟು ಕೊಟ್ಟು ಕಬ್ಬಿಣದ ಏಣಿ ಇಳಿಯುವಾಗ ಕಾಲು ಜಾರಿ ಬಿದ್ದಳು. ಕಾಲಿನ ಎಲುಬು ಮುರಿಯಿತು. ಆರು ವಾರ ಪ್ಲಾಸ್ಟರ್ ಇರಬೇಕೆಂದರು.

ಮಗಳು ಶೈಲಾ ಆಗ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಐದನೆಯ ತರಗತಿ. ಓಣಿಯ ಹಿಂದಿಯಲ್ಲಿ ಬೆಳೆದ ಹುಡುಗಿ, ಒತ್ತಕ್ಷರ ಬಂದಲ್ಲೆಲ್ಲ ನಿಂತುಬಿಡುತ್ತಿದ್ದಳು. ಓದುವುದೆಂದರೆ ಆಗದು. ಶಾಲೆ ಬಿಟ್ಟ ಮೇಲೆ ತಾಯಿಯ ಹತ್ತಿರ ಕೂರುವ ಕೆಲಸ ಅವಳ ಪಾಲಿಗೆ ಬಂತು.

“ಏನರೆ ಓದಿ ಹೇಳ. ಸುಮ್ಮ ಕುಂತು ತಲಿ ಕೆಟ್ಟೈತಿ,” ಎಂದಳು ಮಲ್ಲವ್ವ.

ಪಾಠದ ಪುಸ್ತಕ ಮುಟ್ಟಲು ಶೈಲಾಗೆ ಮನಸ್ಸಿರಲಿಲ್ಲ. ತಂದೆ ಬಂಡೆಪ್ಪ ರದ್ದಿ ಗೋದಾಮಿನಲ್ಲಿ ಕಾಗದ ಆರಿಸುವವನು. ಅವನು ತಂದ, ರಟ್ಟು ಹರಿದ ಒಂದು ಕನ್ನಡ ಪುಸ್ತಕ ಒಲೆಯ ಕಾಲಿನ ಕೆಳಗಿತ್ತು. ಅದನ್ನೇ ಎಳೆದಳು. ಆಡು ಸಾಕುವವರಿಗೆ ಬರೆದ ಕೈಪಿಡಿ.

ಮಲ್ಲವ್ವ ಮದುವೆಗೆ ಮುಂಚೆ ಇಂಡಿ ತಾಲೂಕಿನ ತವರಿನಲ್ಲಿ ಇಪ್ಪತ್ತು ಆಡು ಕಾದವಳು. ಶೈಲಾ ಓದಿದ ಸಾಲುಸಾಲಿಗೂ ತಕರಾರು ತೆಗೆದಳು. “ಇದನ್ನ ಬರದಾಂವ ಆಡು ಕಂಡಾನೋ ಇಲ್ಲೋ,” ಎಂದಳು. ಪುಸ್ತಕದ ಜೊತೆ ಹೀಗೆ ಜಗಳವಾಡಬಹುದೆಂದು ಶೈಲಾಗೆ ಗೊತ್ತಿರಲಿಲ್ಲ. ಅವಳಿಗೆ ಮಜಾ ಬಂತು.

ನಾಲ್ಕನೆಯ ದಿನ ಮರಿಗಳ ಅಧ್ಯಾಯ. ಹುಟ್ಟಿದ ಅರ್ಧ ಗಂಟೆಯೊಳಗೆ ಗಿಣ್ಣದ ಹಾಲು ಕುಡಿಸಬೇಕು, ಈದ ಆಡಿನ ಗರ್ಭದ ಮಾಸುಚೀಲ ಹೊರಬೀಳಲೆಂದು ಕಾಯಬಾರದು, ಕಾದರೆ ಮರಿ ಸಾಯಬಹುದು ಎಂದಿತ್ತು. ಮಲ್ಲವ್ವ ಈ ಸಲ ತಕರಾರು ತೆಗೆಯಲಿಲ್ಲ.

“ಯವ್ವಾ, ಇದೂ ತಪ್ಪೇನ?”

“ಇನ್ನೊಮ್ಮೆ ಓದ.”

ಶೈಲಾ ಓದಿದಳು.

“ನಾವು ಮಾಸು ಬೀಳೂತನಕ ಮರೀಗೆ ಹಾಲ ಕುಡಿಯಾಕ ಬಿಡತಿರಲಿಲ್ಲ. ನಮ್ಮವ್ವ ಹಂಗ ಹೇಳತಿದ್ಲು. ಒಂದ ವರ್ಷ ಐದು ಮರಿ ಸತ್ತುವು. ನನ್ನ ಕಣ್ಣು ಬಿತ್ತಂತ ಎರಡ ದಿನ ನನಗ ಕೂಳ ಹಾಕಲಿಲ್ಲ.” ಪುಸ್ತಕದ ಕಡೆ ನೋಡಿ ಅಂದಳು: “ನಂದೇನು ತಪ್ಪಿರಲಿಲ್ಲ, ಹಂಗಾರ.”

ಓಣಿಯಲ್ಲಿ ಯಾರ ಮಾತಿಗೂ ಬಗ್ಗದ ತಾಯಿ ಮೂರು ಸಾಲಿಗೆ ಸುಮ್ಮನಾಗಿದ್ದಳು. ಅಂಥದ್ದು ಇನ್ನೂ ಎಷ್ಟು ಪುಸ್ತಕಗಳಲ್ಲಿದೆಯೋ ಎಂದು ಶೈಲಾಗೆ ಆ ಸಂಜೆ ಮೊದಲ ಸಲ ಅನಿಸಿತು. ಉಳಿದ ಪುಟಗಳನ್ನು ಒಬ್ಬಳೇ ಓದಿ ಮುಗಿಸಿದಳು.

ಮರುದಿನ ತಂದೆಗೆ, “ಕನ್ನಡದ್ದು ಯಾವುದು ಸಿಕ್ಕರೂ ತಗೊಂಡ ಬಾ ಅಪ್ಪಾ,” ಎಂದಳು. ಬಂಡೆಪ್ಪ ಅಡುಗೆ ಪುಸ್ತಕ, ಹಳೆಯ ಪಂಚಾಂಗ, ಕೊನೆಯ ಪುಟಗಳಿಲ್ಲದ ಕಾದಂಬರಿ ತಂದ. ಎಲ್ಲವನ್ನೂ ಓದಿದಳು.

ಈಗ ಅವಳು ವಿಕ್ರೋಳಿಯ ಒಂದು ಕಂಪನಿಯಲ್ಲಿ ನೌಕರಿ ಮಾಡುತ್ತಾಳೆ. ಲೋಕಲ್ ರೈಲಿನಲ್ಲಿ ನಿಂತು ಕಾದಂಬರಿ ಓದುತ್ತಾಳೆ. ಮಲ್ಲವ್ವನಿಗೆ ಅವು ಸೇರುವುದಿಲ್ಲ. “ಆಗದ್ದನ್ನ ಆತು ಅಂತ ಯಾಕ ಬರೀತಾರ?” ಎಂದು ಕೇಳುತ್ತಾಳೆ. ಶೈಲಾ ಇದಕ್ಕೆ ಉತ್ತರ ಕೊಡಲು ಎರಡು ಮೂರು ಸಲ ನೋಡಿದ್ದಾಳೆ. ತಾಯಿ ಒಪ್ಪಿಲ್ಲ.