ಮಾಡಿನ ಬಿಸಿ ಮನೆಯೊಳಗೆ

ಚಳಿಗಾಲ ಬಂತೆಂದರೆ ಬಡಗಿ ತಾತನ ಮನೆಯಲ್ಲಿ ಬೆಳಿಗ್ಗೆ ಹತ್ತಾದರೂ ಯಾರ ಕೈಯೂ ಮಾತು ಕೇಳುತ್ತಿರಲಿಲ್ಲ. ಮನೆಗೆ ತಗಡಿನ ಮಾಡು. ಮುಂದಿನ ಕೋಣೆಯಲ್ಲಿ ಸೊಸೆಯ ಹೊಲಿಗೆ ಯಂತ್ರ. ಸೂಜಿಗೆ ದಾರ ಪೋಣಿಸುವ ಮೊದಲು ಅವಳು ಬೆರಳು ಕಾಯಿಸಿಕೊಳ್ಳಬೇಕಿತ್ತು. ಅದಕ್ಕೆಂದೇ ತಾತ ಇದ್ದಲಿನ ಅಗ್ಗಿಷ್ಟಿಕೆ ಹೊತ್ತಿಸಿ ಅವಳ ಕಾಲ ಬಳಿ ಇಟ್ಟು, ಕಾವು ಹೊರಹೋಗದಂತೆ ಕಿಟಕಿ ಬಾಗಿಲು ಹಾಕುತ್ತಿದ್ದರು.

ಒಂದು ಬೆಳಿಗ್ಗೆ ಯಂತ್ರದ ಸದ್ದು ನಿಂತುಹೋಯಿತು. ತಾತ ಎರಡು ಸಲ ಕೂಗಿದರು. ಬಾಗಿಲು ತೆಗೆದು ನೋಡಿದರೆ ಸೊಸೆ ಹೊಲಿಯುತ್ತಿದ್ದ ಬಟ್ಟೆಯ ಮೇಲೇ ತಲೆಯಿಟ್ಟು ಒರಗಿದ್ದಳು. ಅವಳನ್ನು ಹೊರಗೆ ಎಳೆದು ತಂದು ಅಂಗಳದಲ್ಲಿ ಮಲಗಿಸಿದರು. ತಂಗಾಳಿ ಬಡಿದ ಮೇಲೆ ಅವಳು ಕಣ್ಣು ಬಿಟ್ಟಳು.

ಆಸ್ಪತ್ರೆಯ ನರ್ಸಮ್ಮ ಇದ್ದದ್ದನ್ನು ಇದ್ದ ಹಾಗೇ ಹೇಳಿದರು. "ಮುಚ್ಚಿದ ಕೋಣೇಲಿ ಇದ್ದಲು ಉರಿಸಿದ್ರೆ ವಿಷದ ಗಾಳಿ ಹುಟ್ಟುತ್ತೆ ತಾತ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಇನ್ನು ಸ್ವಲ್ಪ ತಡವಾಗಿದ್ರೆ ನಾವ್ಯಾರೂ ಏನೂ ಮಾಡೋಕಾಗ್ತಿರಲಿಲ್ಲ."

"ಹಾಗಾದ್ರೆ ಚಳೀಲಿ ಹೆಪ್ಪುಗಟ್ಟೋದಾ?" ಎಂದು ತಾತ ಗೊಣಗಿದರೇನೋ ನಿಜ. ಆದರೆ ಆ ಅಗ್ಗಿಷ್ಟಿಕೆ ಇಟ್ಟದ್ದು ತಾನೇ ಎಂಬುದು ಎದೆಯಲ್ಲಿ ಮುಳ್ಳಾಗಿ ಕುಳಿತಿತ್ತು.

ಸೊಸೆಯನ್ನು ನೋಡಲು ಅವಳ ಅಣ್ಣ ಬಂದ. ಕಟ್ಟಡಗಳಿಗೆ ತಗಡು ಹೊದಿಸುವುದು ಅವನ ಕೆಲಸ.

"ಮಾವ, ಒಲೆ ನಿಮ್ಮ ತಲೆ ಮೇಲೇ ಇದೆ," ಎಂದ.

"ಮಳೆ ತಡೆಯೋ ತಗಡು ಮನೆ ಕಾಯಿಸುತ್ತೇನಪ್ಪಾ? ನನ್ನ ಕಿವಿಗೆ ಹೂವಿಡಬೇಡ."

"ಏಣಿ ಹತ್ತಿ ಮುಟ್ಟಿ ನೋಡಿ."

ಹೊತ್ತು ಹನ್ನೊಂದು. ತಾತ ಏಣಿ ಹತ್ತಿ ತಗಡಿನ ಒಳಮೈಗೆ ಅಂಗೈ ಇಟ್ಟರು. ಇಟ್ಟವರು ಬಹಳ ಹೊತ್ತು ತೆಗೆಯಲೇ ಇಲ್ಲ. ಅಷ್ಟು ಹಿತವಾಗಿತ್ತು. ಕೆಳಗಿಳಿದರೆ ನೆಲ ಮಾತ್ರ ಕೊರೆಯುತ್ತಿತ್ತು.

"ಬಿಸಿ ಎಲ್ಲಾ ಮೇಲೇ ಉಳಿದು ಹಾಳಾಗ್ತಿದೆ," ಎಂದ ಅಣ್ಣ. "ತಗಡಿನ ಕೆಳಗೆ ಅರ್ಧ ಗೇಣು ಜಾಗ ಬಿಟ್ಟು ಹಲಗೆ ಹೊದಿಸೋಣ. ಸೂರಿನ ಅಂಚಲ್ಲಿ ಜಾಲರಿ ಇಟ್ರೆ ಹೊರಗಿನ ಗಾಳಿ ಅಲ್ಲಿಂದ ಬಂದು, ತಗಡನ್ನ ಸವರ್ಕೊಂಡು ಬಿಸಿಯಾಗ್ತಾ ಮೇಲೇರುತ್ತೆ. ಅಲ್ಲಿಂದ ಒಂದು ಕೊಳವೆ, ಅದಕ್ಕೊಂದು ಸಣ್ಣ ಫ್ಯಾನು. ಬಿಸಿಗಾಳಿ ಕೋಣೆಗೆ ಇಳಿಯುತ್ತೆ. ಹೊಗೆ ಇಲ್ಲ, ಉರಿ ಇಲ್ಲ."

"ಬೇಸಿಗೇಲಿ ನಮ್ಮನ್ನ ಬೇಯಿಸ್ತೀಯಾ?"

"ಆಗ ಕೊಳವೆ ಮುಚ್ಚಿ, ಮಾಡಿನ ನೆತ್ತಿಯ ಕಿಂಡಿ ತೆಗೀರಿ. ಬಿಸಿ ಹೊರಗೆ ಹೋಗುತ್ತೆ. ಆದ್ರೆ ಮಾವ, ಮೋಡದ ದಿನ, ಹೊತ್ತು ಮುಳುಗಿದ ಮೇಲೆ ಇದು ಕೆಲಸ ಮಾಡಲ್ಲ. ಆಗ ಕಂಬಳೀನೇ ಗತಿ. ಸುಳ್ಳು ಯಾಕೆ ಹೇಳಲಿ?"

ಆ ಕೊನೆಯ ಮಾತು ತಾತನಿಗೆ ಹಿಡಿಸಿತು. ಬಿಸಿಲು ಚೆನ್ನಾಗಿ ಹೀರಲೆಂದು ಅಣ್ಣ ತಗಡಿಗೆ ಹೊರಗಿನಿಂದ ಕಪ್ಪು ಬಣ್ಣ ಬಳಿದು, ಕೊಳವೆ, ಫ್ಯಾನು ಕೂರಿಸಿದ. ಹಲಗೆ ಕೆಲಸವನ್ನು ತಾತ ಯಾರಿಗೂ ಬಿಟ್ಟುಕೊಡಲಿಲ್ಲ.

ಮೊದಲ ದಿನ ಕೊಳವೆಯಿಂದ ಉಗುರುಬೆಚ್ಚಗಿನ ಗಾಳಿ ಬಂತು, ಅಷ್ಟೇ. ಸೊಸೆ ಶಾಲು ಹೊದ್ದು ಹೊಲಿಗೆಗೆ ಕುಳಿತಳು. ಅವಳು ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ತಾತನಿಗೆ. ಅವಳ ಡಬ್ಬಿಯಿಂದ ಒಂದೆಳೆ ದಾರ ತೆಗೆದುಕೊಂಡು ಏಣಿ ಹತ್ತಿದರು. ಹಲಗೆಯ ಒಂದೊಂದು ಸಂದಿಗೂ ಹಿಡಿದು ನೋಡಿದರು. ದಾರ ಎಲ್ಲಿ ಒಳಕ್ಕೆ ಬಾಗಿತೋ ಅಲ್ಲಿ ಕೋಣೆಯ ತಣ್ಣನೆ ಗಾಳಿ ನುಗ್ಗಿ ಬಿಸಿಯನ್ನು ಕೆಡಿಸುತ್ತಿತ್ತು. ಹನ್ನೆರಡು ಕಡೆ ಸಿಕ್ಕವು. ಎಲ್ಲಕ್ಕೂ ಮರದ ಹೊಟ್ಟು, ಅಂಟು ಕಲಸಿ ಮೆತ್ತಿದರು.

ಅಂಟು ಒಣಗಿದ ಮಾರನೆಯ ದಿನ, ಹತ್ತೂವರೆಯ ಹೊತ್ತಿಗೆ ಸೊಸೆ ಬಟ್ಟೆ ಕತ್ತರಿಸಲು ನೆಲದ ಮೇಲೇ ಹರವಿಕೊಂಡು ಕುಳಿತಳು.

"ಮೇಜು ಇದೆಯಲ್ಲ ಮಗಳೇ."

"ಇಲ್ಲೇ ಬೆಚ್ಚಗಿದೆ ಮಾವ."

ತಾತ ಅಗ್ಗಿಷ್ಟಿಕೆಯನ್ನು ಹೊರಗೊಯ್ದು ಬೂದಿ ಸುರಿದು ಬಂದರು. ಆಮೇಲೆ ಪಕ್ಕದ ಮನೆಯ ಬಾಗಿಲು ತಟ್ಟಿದರು. ಅಲ್ಲಿಯೂ ಕಿಟಕಿ ಮುಚ್ಚಿ ಇದ್ದಲು ಉರಿಸುತ್ತಿದ್ದರು.

ಓದುಗರೇ, ಮುಚ್ಚಿದ ಕೋಣೆಯಲ್ಲಿ ಇದ್ದಲು ಉರಿಸುವುದನ್ನು ಇಂದೇ ನಿಲ್ಲಿಸಿ. ನಿಮ್ಮದೂ ತಗಡಿನ ಮಾಡಾದರೆ, ಬಿಸಿಲೇರಿದ ಮೇಲೆ ಒಳಗಿನಿಂದ ಒಮ್ಮೆ ಮುಟ್ಟಿ ನೋಡಿ. ಅಂಗೈಗೆ ಬೆಚ್ಚಗಾದರೆ ತಗಡು ಕೆಲಸದವರನ್ನು ಕರೆದು ಕೇಳಿ. ಮಾಡಿನಲ್ಲಿ ವಿದ್ಯುತ್ ತಂತಿ ಹಾದಿದ್ದರೆ ಬಲ್ಲವರಿಂದ ಮೊದಲೇ ನೋಡಿಸಿ. ಹಲಗೆಯ ಸಂದಿಗಳನ್ನು ಬಿಗಿಯಾಗಿ ಮುಚ್ಚಿ, ತಣ್ಣನೆ ಗಾಳಿ ಇಳಿಯದಂತೆ ಸಂಜೆ ಕೊಳವೆಯ ಬಾಯಿಯನ್ನೂ ಮುಚ್ಚಿ. ಬಿಸಿಲು ದಿನವೂ ನಿಮ್ಮ ಮಾಡಿನವರೆಗೆ ಬರುತ್ತದೆ, ಅದನ್ನು ಒಳಗೆ ಕರೆದುಕೊಳ್ಳುವುದು ನಿಮ್ಮ ಕೈಯಲ್ಲಿದೆ.