ಹೊನ್ನಗಂಟೆಯೂ ಹಿಡಿಯ ಲೆಕ್ಕವೂ

ಯಾವ ಸೀಮೆಯದೆಂದು ಕೇಳಬೇಡಿ, ನದಿಯ ದಡದಲ್ಲಿ ಒಂದು ಪಟ್ಟಣವಿತ್ತು. ಅಲ್ಲಿ ಪ್ರಾಣಿಪಕ್ಷಿಗಳು ಮನೆ ಕಟ್ಟಿಕೊಂಡು, ಸಂತೆ ಮಾಡಿಕೊಂಡು, ದೇವರಿಗೆ ಕೈಮುಗಿದುಕೊಂಡು ಬಾಳುತ್ತಿದ್ದವು. ಆ ಊರಿನ ಹೆಂಗಸರಲ್ಲಿ ಒಂದು ನೇಮವಿತ್ತು. ಬೇಯಿಸಲೆಂದು ಒಂದು ಸೇರು ಕಾಳು ತೆಗೆದರೆ, ಅದರಲ್ಲಿ ಒಂದು ಹಿಡಿಯನ್ನು ಮೊದಲು ದೇವರ ಮಡಕೆಗೆ ಹಾಕಬೇಕು. ವರ್ಷಕ್ಕೊಮ್ಮೆ ಆ ಮಡಕೆ, ದಾರಿಹೋಕರಿಗೆ ಊಟವಿಕ್ಕುವ ಛತ್ರಕ್ಕೆ ಹೋಗುತ್ತಿತ್ತು.

ಒಂದು ವರ್ಷ ಪೇಟೆಯ ಯಜಮಾನ ನವಿಲರಾಯ ಹೊನ್ನಗಂಟೆ ಎಂಬುದನ್ನು ಹೊರಡಿಸಿದ. ವರ್ಷಕ್ಕೆ ನಲವತ್ತು ಸೇರು ಕಾಳು ಕೊಟ್ಟವರ ಕೊರಳಿಗೆ ಆ ಗಂಟೆ. ಗಂಟೆ ಕಟ್ಟಿಕೊಂಡವರು ಪೇಟೆಯಲ್ಲಿ ನೂರು ಸೇರು ಕಾಳನ್ನೋ ಅಷ್ಟು ಬೆಲೆಯ ಬೇರೆ ಸಾಮಾನನ್ನೋ ಕೊಂಡರೆ ಐದು ಸೇರು ಕಾಳು ಉಚಿತ. ಮೇಲಾಗಿ ನವಿಲರಾಯನ ತಂಪು ಮಂಟಪದಲ್ಲಿ ಕೂತು ಪಾನಕ ಕುಡಿಯಬಹುದು, ಜೊತೆಗೆ ನಾಲ್ವರನ್ನು ಕರೆತರಬಹುದು.

ಅಳಿಲು ಮುದ್ದಯ್ಯ ಒಂದು ಮಧ್ಯಾಹ್ನ ಮಂಟಪದ ಮುಂದೆ ಹಾದುಹೋಗುತ್ತಿದ್ದಾಗ ನವಿಲರಾಯ ತಾನಾಗಿಯೇ ಇಳಿದು ಬಂದ.

“ಮುದ್ದಯ್ಯನೋರೇ, ನಿಮ್ಮಂಥ ಮರ್ಯಾದಸ್ಥರ ಕೊರಳು ಹೀಗೆ ಬರಿದಾಗಿರಬಾರದು” ಎಂದ.

ಮುದ್ದಯ್ಯ ಅದುವರೆಗೆ ತನ್ನ ಕೊರಳಿನ ಬಗ್ಗೆ ಯೋಚಿಸಿದವನೇ ಅಲ್ಲ. ಅಂದು ಮನೆ ಮುಟ್ಟುವತನಕ ನಾಲ್ಕು ಸಲ ಮುಟ್ಟಿ ನೋಡಿಕೊಂಡ.

ಅವನ ಮನೆಯ ಅಟ್ಟದಲ್ಲಿ ಸರಿಯಾಗಿ ನಲವತ್ತು ಸೇರು ಕಡಲೆಕಾಯಿ ಬೀಜವಿತ್ತು. ಆದರೆ ಅದು ಮಗಳು ಚೆಲುವಿಯ ಬಾಣಂತನಕ್ಕೆಂದು ಕೂಡಿಟ್ಟದ್ದು. ಇನ್ನೆರಡು ತಿಂಗಳಿಗೆ ಅವಳು ತವರಿಗೆ ಬರುವವಳಿದ್ದಳು. ಮಳೆಗಾಲದ ಬಾಣಂತಿಗೆ ಅದು ಬಿಟ್ಟರೆ ಬೇರೆ ಆಧಾರವಿರಲಿಲ್ಲ.

“ಬೀಜ ಕೊಟ್ಟು ಗಂಟೆ ತರೋಣ ಕಣೇ” ಎಂದ ಮುದ್ದಯ್ಯ. “ಉಚಿತವಾಗಿ ಬರೋ ಕಾಳು ಕೂಡಿಹಾಕಿದರೆ, ಮಗಳು ಬರೋ ಹೊತ್ತಿಗೆ ಕೊಟ್ಟದ್ದಕ್ಕಿಂತ ಹೆಚ್ಚೇ ಆಗಿರುತ್ತೆ. ಪಕ್ಕದ ಮನೆಯ ಮುಂಗುಸಿ ಪಾಪಣ್ಣ ಆಗಲೇ ಕಟ್ಟಿಸಿಕೊಂಡಿದ್ದಾನೆ.”

ಹೆಂಡತಿ ನಿಂಗಾಜಮ್ಮ ಮೊರ ಕೆಳಗಿಟ್ಟಳು. “ಪಾಪಣ್ಣನ ಮನೇಲಿ ಈಗ ಛತ್ರಿ ಎಷ್ಟು ಗೊತ್ತಾ? ಮೂರು. ಇರೋ ಮುಂಗುಸಿ ಒಂದು! ಯಾಕಪ್ಪಾ ಅಂತ ಕೇಳಿದರೆ, ‘ಗಂಟೆ ಸುಮ್ಮನಿರಬಾರದಲ್ಲ ಅಕ್ಕಾ’ ಅಂದ.”

“ನಾವೇನು ಛತ್ರಿ ತರ್ತೀವಾ? ಹೇಗೂ ಕಾಳೆಲ್ಲ ಪೇಟೆಯಿಂದಲೇ ತಾನೇ ತರೋದು?”

“ತರೋದು ನಿಜ. ವರ್ಷಕ್ಕೆ ಎಷ್ಟು ತರ್ತೀವಿ ಹೇಳಿ ನೋಡೋಣ.”

ಮುದ್ದಯ್ಯ ಬಾಲ ಕೊಡವಿದ. “ಬೇಕಾದಷ್ಟು” ಎಂದ.

“ಬೇಕಾದಷ್ಟು ಅಂದರೆ ಎಷ್ಟು ರೀ?”

ಅವನಿಗೆ ತಿಳಿದಿರಲಿಲ್ಲ. ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಉಚಿತವಾಗಿ ಬರುವುದನ್ನು ಎಲ್ಲರೂ ಬೆರಳ ತುದಿಯಲ್ಲಿಟ್ಟುಕೊಂಡಿದ್ದರು. ತಮ್ಮ ಮನೆಯ ಒಲೆ ಏನು ಕೇಳುತ್ತದೆ ಎಂಬುದನ್ನು ಮಾತ್ರ ಒಬ್ಬರೂ ವಿಚಾರಿಸಿರಲಿಲ್ಲ.

ನಿಂಗಾಜಮ್ಮ ಮೊರವನ್ನು ಪಕ್ಕಕ್ಕೆ ಸರಿಸಿ ಎದ್ದಳು. ಆಮೇಲೆ ಕೈಕಾಲು ತೊಳೆದು, ದೇವರ ಮಡಕೆಗೆ ನಮಸ್ಕರಿಸಿ, ಅದನ್ನು ನಡುಮನೆಗೆ ತಂದಳು. “ನಾಳೆಗೆ ಈ ಮಡಕೆಗೆ ವರ್ಷ ತುಂಬುತ್ತೆ. ಸೇರಿಗೊಂದು ಹಿಡಿ ಹಾಕಿದ್ದೀನಿ, ಒಂದು ದಿನವೂ ತಪ್ಪಿಸಿಲ್ಲ. ನಾನು ಮೊರಕ್ಕೆ ಹಿಡಿ ಹಿಡಿ ಸುರೀತೀನಿ, ನೀವು ಎಣಿಸಿ.”

ಮುದ್ದಯ್ಯ ಎಣಿಸುತ್ತ ಹೋದ. ನೂರಾಗುವತನಕ ಅವನ ಧ್ವನಿ ಗಟ್ಟಿಯಾಗಿತ್ತು. ಇನ್ನೂರೈವತ್ತಾಗುವ ಹೊತ್ತಿಗೆ ಮಡಕೆಯ ತಳ ಕಂಡಿತು, ಧ್ವನಿಯೂ ಇಳಿಯಿತು. ಮುನ್ನೂರಕ್ಕೆ ಮಡಕೆ ಬರಿದಾಯಿತು.

“ಮುನ್ನೂರು ಸೇರಿಗೆ ಉಚಿತ ಹದಿನೈದು” ಎಂದಳು ನಿಂಗಾಜಮ್ಮ. “ನಲವತ್ತು ಕೊಟ್ಟು ಹದಿನೈದು ತರೋದು. ಅದೂ ವರ್ಷಪೂರ್ತಿ ಕಾದು.”

“ಹಾಗಾದರೆ ನಲವತ್ತು ವಾಪಸ್ಸು ಬರಬೇಕಾದರೆ?”

“ಎಂಟುನೂರು ಸೇರು ತಿನ್ನಬೇಕು. ಆನೆ ಹೊಟ್ಟೆ ಎಲ್ಲಾದರೂ ಬಾಡಿಗೆಗೆ ಸಿಕ್ಕರೆ ನೋಡಿ.”

ಮುದ್ದಯ್ಯನಿಗೆ ನಗು ಬಂತು. ನಗುತ್ತಲೇ ಕೊರಳು ಮುಟ್ಟಿಕೊಂಡ, ಅದು ಹಗುರವಾಗಿತ್ತು. ಕಡಲೆ ಬೀಜ ಅಟ್ಟದಿಂದ ಇಳಿಯಲಿಲ್ಲ.

ಮರುದಿನ ಅವನು ಕಾಳನ್ನು ಮತ್ತೆ ದೇವರ ಮಡಕೆಗೆ ತುಂಬಿ, ಹೊತ್ತುಕೊಂಡು ಛತ್ರಕ್ಕೆ ಹೋದ. ಛತ್ರ ನಡೆಸುತ್ತಿದ್ದವಳು ಎಮ್ಮೆ ಕಾಳಮ್ಮ. ಕೊಂಬಿಗೆಲ್ಲ ಕೆಸರು, ಮೈಮೇಲೆ ಹರಕು ಕಂಬಳಿ. ಅವಳು ಪೇಟೆಯಿಂದ ತಂದ ಮೂಟೆಗಳನ್ನು ಇಳಿಸುತ್ತಿದ್ದಳು.

“ಕಾಳಮ್ಮಾ, ವಾರಕ್ಕೆ ಎಷ್ಟು ಸೇರು ತರ್ತೀಯೇ ತಾಯಿ?”

“ನೂರಾದರೂ ಬೇಕಪ್ಪ. ಬರೋರ ಹೊಟ್ಟೆ ಕೇಳಬೇಕಲ್ಲ.”

ಮುದ್ದಯ್ಯನ ಕಣ್ಣರಳಿತು. “ಹಾಗಿದ್ದರೆ ವಾರಕ್ಕೆ ಐದು ಸೇರು ಉಚಿತ! ಎಂಟು ವಾರಕ್ಕೆ ಕೊಟ್ಟ ನಲವತ್ತು ಕೈಸೇರುತ್ತೆ. ಆಮೇಲಿನದ್ದೆಲ್ಲ ದಾರಿಹೋಕರಿಗೆ. ಹೊನ್ನಗಂಟೆ ಇರೋದೇ ನಿನ್ನಂಥವಳಿಗೆ ಕಣಮ್ಮ.”

“ನನ್ನನ್ನು ಯಾರೂ ಕೇಳಲೇ ಇಲ್ಲವಲ್ಲ” ಎಂದಳು ಕಾಳಮ್ಮ.

ನಿಜ, ಕೇಳಿರಲಿಲ್ಲ. ನವಿಲರಾಯ ಕೊರಳು ನೋಡಿ ಗಂಟೆ ಮಾರುತ್ತಿದ್ದನೇ ಹೊರತು ಮೂಟೆ ನೋಡಿ ಅಲ್ಲ. ಆದರೂ ನಲವತ್ತು ಸೇರು ತಂದವರಿಗೆ ಇಲ್ಲವೆನ್ನುವ ಹಾಗಿರಲಿಲ್ಲ. ಕಾಳಮ್ಮ ಗಂಟೆ ಕಟ್ಟಿಸಿಕೊಂಡಳು. ಮೊದಲಿಗಿಂತ ಒಂದು ಸೇರೂ ಹೆಚ್ಚು ಕೊಳ್ಳಲಿಲ್ಲ, ಕಡಿಮೆಯೂ ಕೊಳ್ಳಲಿಲ್ಲ. ಒಂಬತ್ತನೆಯ ವಾರದಿಂದ ಛತ್ರದ ಪಂಕ್ತಿ ಉದ್ದವಾಯಿತು. ದಿನವೂ ಮಧ್ಯಾಹ್ನ ಅವಳು ಕಾಲು ಒಡೆದ ನಾಲ್ವರು ಹಮಾಲಿ ಕತ್ತೆಗಳನ್ನು ತಂಪು ಮಂಟಪಕ್ಕೆ ಕರೆದೊಯ್ದು ಪಾನಕ ಕುಡಿಸುತ್ತಿದ್ದಳು. ದೊಡ್ಡವರು ಮೂಗು ಮುರಿದರು. ಕಾನೂನು ಕಾಳಮ್ಮನ ಕಡೆಗಿತ್ತು.

ಸುದ್ದಿ ಹಬ್ಬಿತು. ಊರಿನವರು ಮನೆಮನೆಯಲ್ಲೂ ಹಿಡಿ ಎಣಿಸತೊಡಗಿದರು. ಕೆಲವರು ಗಂಟೆ ಕೊಂಡರು. ಬಹಳ ಜನ ವಾಪಸ್ಸು ಕೊಟ್ಟರು, ಅವರಲ್ಲಿ ಪಾಪಣ್ಣನೇ ಮೊದಲಿಗ.

ಚೆಲುವಿ ಮಳೆಯ ಜೊತೆಗೇ ತವರಿಗೆ ಬಂದಳು. ಗಂಡು ಮರಿಯಾಯಿತು. ದಿನವೂ ಬೆಲ್ಲ ಹಾಕಿದ ಕಡಲೆ ಬೀಜದ ಉಂಡೆ ತಿಂದು ಬಾಣಂತಿಯ ಮುಖದಲ್ಲಿ ಕಳೆ ಬಂತು.

ಹೆಸರಿಡುವ ದಿನದ ಸಂಜೆ, ನೆಂಟರೆಲ್ಲ ಹೋದ ಮೇಲೆ, ನವಿಲರಾಯ ಬಾಗಿಲಲ್ಲಿ ನಿಂತಿದ್ದ. ಮುದ್ದಯ್ಯ ಗಡಬಡಿಸಿ ಎದ್ದು ನಿಂತ. ಜಗಳಕ್ಕೇ ಬಂದಿರಬೇಕು ಎಂದುಕೊಂಡ.

ನಿಂಗಾಜಮ್ಮ ಚಾಪೆ ಹಾಸಿದಳು. ನವಿಲರಾಯ ಕೂತ. ಎರಡು ಉಂಡೆ ತಿಂದ, ನೀರು ಕುಡಿದ. ಆಮೇಲೆ ಬೀದಿಯ ಕಡೆ ಒಮ್ಮೆ ನೋಡಿ, ಎದೆಯ ಗರಿ ಸರಿಸಿದ. ಒಳಗೆ ಒಂದು ಗಂಟೆ ತೂಗುತ್ತಿತ್ತು. ಅವನು ಮಾರುವ ಗಂಟೆಗಿಂತ ಮೂರು ಪಾಲು ದೊಡ್ಡದು. ಅದರ ಹುರಿ ಉಜ್ಜಿ ಉಜ್ಜಿ ಕೊರಳ ಚರ್ಮ ಕೆಂಪಾಗಿತ್ತು.

“ರಾಜಧಾನಿಯ ಪೇಟೆಯದು” ಎಂದ ಮೆಲ್ಲಗೆ. “ಹನ್ನೆರಡು ವರ್ಷವಾಯಿತು, ವರ್ಷವರ್ಷವೂ ಅಲ್ಲಿಗೆ ಕಾಳು ಕೊಡ್ತಲೇ ಇದ್ದೀನಿ. ಮುದ್ದಯ್ಯನೋರೇ, ನಂದೂ ಒಂದಿಷ್ಟು ಎಣಿಸಿಕೊಡ್ತೀರಾ?”

ಮುದ್ದಯ್ಯ ಹೆಂಡತಿಯ ಮುಖ ನೋಡಿದ. ನಿಂಗಾಜಮ್ಮ ಮೊರವನ್ನು ಚಾಪೆಯ ಮೇಲೆ ತಂದಿಟ್ಟು, ದೀಪದ ಬತ್ತಿಯನ್ನು ಕೊಂಚ ಮೇಲಕ್ಕೆ ಎತ್ತಿದಳು.